ಕೋಕಂ, ಕೈರಿ, ಲಾವಂಚ: ಮುಂಬೈ ಮನೆಗೆ ಯಾವ ಶರಬತ್ತು ಸರಿ?

ಮುಂಬೈಯಲ್ಲಿ ಬೇಸಿಗೆಗೆ ಮನೆಯಲ್ಲೇ ಶರಬತ್ತು ಮಾಡಿಡಬೇಕು ಅನ್ನುವವರು ಮೊದಲು ತಮ್ಮ ಕಿಟಕಿ ನೋಡಬೇಕು. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಗ್ರಿಲ್ಲಿನಲ್ಲಿ ಒಂದು ಭರಣಿ ಇಡಲು ಜಾಗ ಇದೆಯಾ? ಪಾರಿವಾಳಗಳ ಕಾಟ ಎಷ್ಟು? ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆಯಬೇಕು. ಹಾಲು, ದೋಸೆ ಹಿಟ್ಟು, ಮೂರು ದಿನದ ಹಿಂದಿನ ಸಾಂಬಾರು, ಇವುಗಳ ನಡುವೆ ಎರಡು ಬಾಟಲಿ ನಿಲ್ಲುತ್ತವೆಯಾ? ಇಷ್ಟು ಗೊತ್ತಾದರೆ ಕೋಕಂ ಅಂದರೆ ಪುನರ್ಪುಳಿ ಶರಬತ್ತು ಮಾಡಬೇಕಾ, ಕೈರಿ ಪನ್ಹೆ ಅಂದರೆ ಮಾವಿನಕಾಯಿ ಪಾನಕ ಮಾಡಬೇಕಾ, ಲಾವಂಚದ ಬೇರು ತಂದು ನೀರಿಗೆ ಹಾಕಿ ಸುಮ್ನಿರಬೇಕಾ ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಊರಲ್ಲಿ ಈ ಲೆಕ್ಕ ಬೇಕಾಗಿಲ್ಲ. ಪುನರ್ಪುಳಿ ಮರ ಹಿತ್ತಿಲಲ್ಲೇ ಇರುತ್ತದೆ, ಅಂಗಳದ ತುಂಬ ಬಿಸಿಲು. ಡೊಂಬಿವಿಲಿಯಲ್ಲೋ ಮುಲುಂಡಿನಲ್ಲೋ ಮೂರನೇ ಮಹಡಿಯಲ್ಲಿ ಇರುವವರ ಕತೆ ಬೇರೆ. ಟೆರೇಸಿನ ಬೀಗದ ಕೈ ಸೊಸೈಟಿಯ ಸೆಕ್ರೆಟರಿ ಹತ್ತಿರ. ಪಕ್ಕದಲ್ಲಿ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿದ್ದರೆ ಕಿಟಕಿ ತೆಗೆದ ಕೂಡಲೇ ಸಿಮೆಂಟ್ ಧೂಳು. ಇದನ್ನೆಲ್ಲ ಬಿಟ್ಟು ಬರೀ ಮಾಡುವ ವಿಧಾನ ಓದಿಕೊಂಡು ಶುರು ಮಾಡಿದರೆ ಅರ್ಧದಲ್ಲೇ ಬೂಸ್ಟು ಹಿಡಿಯುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಬೀಳುವ ಕಿಟಕಿ ಇದ್ದರೆ ಕಣ್ಣು ಮುಚ್ಚಿಕೊಂಡು ಕೋಕಂ ಮಾಡಿ. ಬಿಸಿಲಿಲ್ಲ, ಆದರೆ ಫ್ರಿಜ್ಜಿನಲ್ಲಿ ಜಾಗ ಇದೆ ಅಂದರೆ ಪನ್ಹೆ. ಎರಡೂ ಇಲ್ಲ, ಬೆಳಿಗ್ಗೆ 7.40ರ ಲೋಕಲ್ ಹಿಡಿಯಬೇಕು, ಯಾವುದಕ್ಕೂ ಹೊತ್ತಿಲ್ಲ ಅಂದರೆ ಲಾವಂಚ. ದಾಸವಾಳ ಮಕ್ಕಳ ರಜೆಗೆ. ಸೊಗದೆ ಬೇರಿನ ಶರಬತ್ತು ನನಗೆ ತುಂಬಾ ಇಷ್ಟ, ಆದರೂ ಅದನ್ನು ಇಲ್ಲಿ ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ.

ಯಾವಾಗ ಏನು ಸಿಗುತ್ತದೆ

ಯುಗಾದಿ, ಗುಡಿಪಾಡ್ವದ ಹೊತ್ತಿಗೆ ಮಾರುಕಟ್ಟೆಯಲ್ಲಿ ಮಾವಿನಕಾಯಿ ರಾಶಿ ಬಿದ್ದಿರುತ್ತದೆ. ಇಲ್ಲಿ ಅದನ್ನು ಕೈರಿ ಅನ್ನುತ್ತಾರೆ. ಮಹಾರಾಷ್ಟ್ರದ ಮನೆಗಳಲ್ಲಿ ಚೈತ್ರದ ಅರಿಶಿನ ಕುಂಕುಮಕ್ಕೆ ಕರೆದಾಗ ಪನ್ಹೆ ಮತ್ತು ಮಾವಿನಕಾಯಿ ಹಾಕಿದ ಕಡಲೆಬೇಳೆಯ ಆಂಬೆ ಡಾಳ್ ಕೊಡುವುದು ಪದ್ಧತಿ. ನಮ್ಮ ರಾಮನವಮಿಯ ಪಾನಕ, ಕೋಸಂಬರಿಗೆ ಇದು ಹತ್ತಿರದ ನಂಟು. ಹಾಗಾಗಿ ಪನ್ಹೆಗೆ ಮಾರ್ಚ್ ಕೊನೆಯಿಂದಲೇ ಶುರು ಮಾಡಬಹುದು.

ಕೋಕಂ ಹಣ್ಣು ಅಷ್ಟು ಬೇಗ ಬರುವುದಿಲ್ಲ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಅದರ ಕಾಲ. ಮಳೆ ಬಿದ್ದ ಮೇಲೆ ಹಣ್ಣು ನೀರು ಕುಡಿದು ಬೇಗ ಕೊಳೆಯುತ್ತದೆ. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11 ಅನ್ನುತ್ತದೆ ಹವಾಮಾನ ಇಲಾಖೆ. ಆದರೆ 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಮೇ ಕೊನೇ ವಾರ ಮಾಡಿದರಾಯಿತು ಅಂತ ಕೂತವರಿಗೆ ಆ ವರ್ಷ ಬಿಸಿಲೇ ಸಿಗಲಿಲ್ಲ. ಕೋಕಂ ಮಾಡುವವರು ಮೇ 10ರೊಳಗೆ ಭರಣಿಯನ್ನು ಬಿಸಿಲಿಗೆ ಇಟ್ಟಿರಲಿ.

ಲಾವಂಚ ಒಣ ಬೇರು. ಅದಕ್ಕೆ ಕಾಲದ ಹಂಗಿಲ್ಲ, ವರ್ಷ ಪೂರ್ತಿ ಸಿಗುತ್ತದೆ.

ಕೋಕಂ: ಬಿಸಿಲು ಇದ್ದವರಿಗೆ

ಕರಾವಳಿಯವರಿಗೆ ಇದು ಪುನರ್ಪುಳಿ, ಉತ್ತರ ಕನ್ನಡದವರಿಗೆ ಮುರುಗಲು. ಮುಂಬೈಯ ಭಾಜಿ ಮಾರ್ಕೆಟಿನಲ್ಲಿ ಕೋಕಂ ಕೊಡಿ ಅಂದರೆ ಒಣಗಿದ ಕಪ್ಪು ಸಿಪ್ಪೆ ಕೈಗೆ ಬರುತ್ತದೆ. ಅದು ಆಮ್ಸೂಲ್, ಸಾರಿಗೆ ಹಾಕುವುದು. ತಾಜಾ ಹಣ್ಣು ಬೇಕಿದ್ದರೆ "ಮಾವ್ಶಿ, ರತಾಂಬೆ ಆಹೇತ್ ಕಾ?" ಅಂತ ಕೇಳಿ, ತಾಜಾ ಹಣ್ಣಿಗೆ ಇಲ್ಲಿ ರತಾಂಬೆ ಅನ್ನುತ್ತಾರೆ. ದಾದರ್ ಪಶ್ಚಿಮದ ಮಾರುಕಟ್ಟೆಯಲ್ಲಿ, ಬೇಸಿಗೆಯಲ್ಲಿ ಅಲ್ಲಲ್ಲಿ ಏಳುವ ಕೊಂಕಣದ ಸಾಮಾನಿನ ಮಳಿಗೆಗಳಲ್ಲಿ ಕಣ್ಣಿಡಿ. ರತ್ನಾಗಿರಿ, ಸಿಂಧುದುರ್ಗದ ಕೋಕಂಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಇಲ್ಲಿಗೆ ಬರುವುದರಲ್ಲಿ ಬಹುಪಾಲು ಅತ್ತಲಿನದೇ. ಹಣ್ಣು ಹೆಚ್ಚು ದಿನ ನಿಲ್ಲುವಂಥದ್ದಲ್ಲ. ತಂದ ದಿನ ಅಥವಾ ಮರುದಿನವೇ ಕೆಲಸ ಮುಗಿಸಬೇಕು. ಹಾಗಾಗಿ ಶನಿವಾರ ಸಂಜೆ ತನ್ನಿ.

ಕಡು ಕೆಂಪು ನೇರಳೆ ಬಣ್ಣದ, ಒತ್ತಿದರೆ ಗಟ್ಟಿಯಾಗಿರುವ ಹಣ್ಣು ಆರಿಸಿ. ಒಂದು ಕಿಲೋ ಹಣ್ಣಿನಿಂದ ಸುಮಾರು ಅರ್ಧ ಕಿಲೋ ಸಿಪ್ಪೆ ಸಿಗುತ್ತದೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಬೇಕು. ಈ ಒಂದು ವಿಷಯದಲ್ಲಿ ಅವಸರ ಬೇಡ. ಹಣ್ಣಿನ ಮೇಲೆ, ಭರಣಿಯಲ್ಲಿ, ಚಮಚದಲ್ಲಿ ಒಂದು ಹನಿ ನೀರು ಉಳಿದರೂ ಬೂಸ್ಟಿಗೆ ದಾರಿ ಆಗುತ್ತದೆ. ಆಮೇಲೆ ಎರಡು ಹೋಳು ಮಾಡಿ ಒಳಗಿನ ಬೀಜ, ಬಿಳಿ ತಿರುಳು ತೆಗೆಯಿರಿ.

ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆ ಹಾಕಬೇಕು. ಅರ್ಧ ಕಿಲೋ ಸಿಪ್ಪೆಗೆ ಒಂದು ಕಿಲೋ. ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ, ಕೊನೆಯ ಪದರ ಸಕ್ಕರೆಯದೇ ಇರಲಿ. ಇಷ್ಟು ಸಕ್ಕರೆ ನೋಡಿ ಹೆದರಿ ಅರ್ಧ ಮಾಡುವವರು ಇದ್ದಾರೆ. ಮಾಡಬೇಡಿ. ಸಿಪ್ಪೆಯಲ್ಲಿ ನೂರಕ್ಕೆ 80ರಷ್ಟು ನೀರು. ಅರ್ಧ ಕಿಲೋ ಸಿಪ್ಪೆಯ ನೀರೆಲ್ಲ ಹೊರಬಂದು ಒಂದು ಕಿಲೋ ಸಕ್ಕರೆ ಅದರಲ್ಲಿ ಕರಗಿದರೆ ಸಿರಪ್ಪಿನಲ್ಲಿ ಸಕ್ಕರೆ ನೂರಕ್ಕೆ 70ರ ಹತ್ತಿರ ನಿಲ್ಲುತ್ತದೆ. ಅಷ್ಟು ಗಟ್ಟಿ ಇದ್ದರೆ ಬೂಸ್ಟಿಗೂ ಹುಳಿ ಬರಿಸುವ ಯೀಸ್ಟಿಗೂ ಬೆಳೆಯಲು ನೀರು ಸಿಗುವುದಿಲ್ಲ. ಅಂಗಡಿಯಲ್ಲಿ ಮಾರುವ ಸಿರಪ್ಪಿಗೂ ಕರಗಿದ ಘನಾಂಶ ಕನಿಷ್ಠ ನೂರಕ್ಕೆ 65 ಇರಬೇಕು ಅನ್ನುವ ನಿಯಮ ಇರುವುದು ಇದಕ್ಕೇ. ಸಕ್ಕರೆ ಕಡಿಮೆ ಮಾಡಿದರೆ ತಪ್ಪೇನೂ ಇಲ್ಲ, ಆದರೆ ಆಗ ಅದು ಫ್ರಿಜ್ಜಿನ ವಸ್ತು ಆಗುತ್ತದೆ. ಕೋಕಂನ ದೊಡ್ಡ ಅನುಕೂಲವೇ ಅದು ಫ್ರಿಜ್ ಕೇಳುವುದಿಲ್ಲ ಅನ್ನುವುದು.

ಭರಣಿ ಗಾಜಿನದು ಅಥವಾ ಪಿಂಗಾಣಿಯದು ಇರಲಿ. ಅಲ್ಯುಮಿನಿಯಂ, ಹಿತ್ತಾಳೆ ಹತ್ತಿರವೂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಬಾಯಿಗೆ ತೆಳು ಮಲ್‌ಮಲ್ ಬಟ್ಟೆ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ. ಸಂಜೆ ಒಳಗೆ ತಂದು ಒಣ ಚಮಚದಿಂದ ತಿರುವಿ. ಆರರಿಂದ ಎಂಟು ದಿನದಲ್ಲಿ ಸಕ್ಕರೆ ಪೂರ್ತಿ ಕರಗಿ, ಸಿಪ್ಪೆ ಸುಕ್ಕುಗಟ್ಟಿ, ಮಾಣಿಕ್ಯದ ಬಣ್ಣದ ರಸ ನಿಂತಿರುತ್ತದೆ. ಸೋಸಿ ಬಾಟಲಿಗೆ ತುಂಬಿ. ಇದನ್ನೇ ಇಲ್ಲಿ ಅಮೃತ ಕೋಕಂ ಅನ್ನುವುದು. ಸರಿಯಾಗಿ ಮಾಡಿದ್ದು ಮುಂದಿನ ಬೇಸಿಗೆವರೆಗೂ ಇರುತ್ತದೆ, ಮನೆಯವರು ಉಳಿಸಿದರೆ.

ಬಿಸಿಲಿಗೆ ಇಲ್ಲಿ ಮಾಯಾ ಶಕ್ತಿ ಏನಿಲ್ಲ. ಸಕ್ಕರೆ ಸಿಪ್ಪೆಯೊಳಗಿನ ರಸವನ್ನು ತಾನೇ ಎಳೆದುಕೊಳ್ಳುತ್ತದೆ, ಬಿಸಿಲಿನ ಕಾವು ಅದನ್ನು ಬೇಗ ಮಾಡಿಸುತ್ತದೆ ಅಷ್ಟೇ. ಹಾಗಾದರೆ ಬಿಸಿಲಿಲ್ಲದ ಮನೆಯಲ್ಲಿ ಆಗುವುದಿಲ್ಲವಾ? ಆಗುತ್ತದೆ. ಆದರೆ ದಿನಗಳು ಜಾಸ್ತಿ, ಸಕ್ಕರೆ ತಳದಲ್ಲಿ ಕೂತು ಮೇಲಿನ ರಸ ತೆಳುವಾಗಿ ಉಳಿಯುವುದರಿಂದ ಹುಳಿ ಬರುವ ಭಯವೂ ಜಾಸ್ತಿ. ದಿನಕ್ಕೆ ಎರಡು ಮೂರು ಸಲ ತಿರುವಲು ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಕೈ ಹಾಕಿ. ಇನ್ನು ಕೆಲವರು ಸಿಪ್ಪೆಯನ್ನು ಸಕ್ಕರೆ ಜೊತೆ ಒಲೆಯ ಮೇಲೆ ಕುದಿಸಿಬಿಡುತ್ತಾರೆ. ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ನಿಜ. ಆದರೆ ಕೋಕಂನ ಕೆಂಪು ಹೆಚ್ಚು ಬೆಂಕಿ ತಾಳುವಂಥದ್ದಲ್ಲ. ಕಂದು ಬಣ್ಣಕ್ಕೆ ತಿರುಗುತ್ತದೆ, ತಾಜಾ ರುಚಿಯೂ ಹೋಗುತ್ತದೆ. ಕುದಿಸಿಯೇ ಮಾಡುವುದಾದರೆ ಕೈರಿ ಇದೆಯಲ್ಲ, ಅದನ್ನೇ ಕುದಿಸಿ.

ಒಂದು ಲೋಟಕ್ಕೆ ಒಂದು ಪಾಲು ಸಿರಪ್, ಐದು ಪಾಲು ನೀರು, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಕಪ್ಪುಪ್ಪು ಹಾಕಿದರೆ ಇನ್ನೂ ಚೆಂದ. ಮೈಮೇಲೆ ಪಿತ್ತದ ಗಂಧೆ ಎದ್ದಾಗ ಪುನರ್ಪುಳಿ ಕುಡಿಸುವುದು ಕರಾವಳಿ ಮನೆಗಳ ವಾಡಿಕೆ. ಅದು ಮದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅಜ್ಜಿ ಇರುವ ಮನೆಯಲ್ಲಿ ಕೋಕಂ ಬಾಟಲಿ ಇದ್ದರೆ ಅದು ಶರಬತ್ತಿಗಿಂತ ಹೆಚ್ಚು ಈ ಕೆಲಸಕ್ಕೇ ಖರ್ಚಾಗುತ್ತದೆ.

ಅಡುಗೆ ಕಟ್ಟೆ ಮಾರ್ಬಲ್‌ದಾದರೆ ಎಚ್ಚರ. ಹಳೇ ಬಿಲ್ಡಿಂಗುಗಳಲ್ಲಿ ಬಿಳಿ ಮಾರ್ಬಲ್ ಕಟ್ಟೆ ಇನ್ನೂ ಇದೆ. ಕೋಕಂ ರಸ ಚೆಲ್ಲಿದರೆ ಕಲೆ ಒಂದು ಕಡೆ, ಹುಳಿ ಕಲ್ಲಿನ ಹೊಳಪನ್ನೂ ತಿಂದು ಮಂಕು ಮಾಡುತ್ತದೆ. ಹಳೇ ಪೇಪರ್ ಹಾಸಿ, ಅದರ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಹೆಚ್ಚಿ. ಬಿಳಿ ಬಟ್ಟೆ ಉಟ್ಟುಕೊಂಡು ಈ ಕೆಲಸಕ್ಕೆ ಕೂರುವವರಿಗೆ ನಾನೇನೂ ಹೇಳುವುದಿಲ್ಲ.

ಸೋಸಿ ಉಳಿದ ಸಿಪ್ಪೆ ಎಸೆಯಬೇಡಿ. ಒಣಗಿಸಿದರೆ ಹುಳಿ ಸಿಹಿ ಮಿಠಾಯಿ, ಮಕ್ಕಳು ಬಿಡುವುದಿಲ್ಲ. ಬಿಳಿ ತಿರುಳನ್ನು ಉಪ್ಪು ಹಾಕಿ ಕಿವುಚಿ ರಸ ತೆಗೆದಿಟ್ಟರೆ ಎರಡು ದಿನ ಸೋಲ್ ಕಢಿಗೆ, ಅಂದರೆ ತೆಂಗಿನಹಾಲು ಹಾಕಿದ ಕೋಕಂ ಕಢಿಗೆ ಆಗುತ್ತದೆ. ಗೋವಾ ಕಡೆ ಕೋಕಂ ರಸಕ್ಕೆ ಧಾರಾಳ ಉಪ್ಪು ಹಾಕಿ ಆಗಳ್ ಅಂತ ವರ್ಷಕ್ಕಾಗುವಷ್ಟು ಮಾಡಿಡುತ್ತಾರೆ. ಸಿಹಿ ಬೇಡದ ಮನೆಗೆ ಅದೂ ಒಂದು ದಾರಿ. ಬೀಜದಿಂದ ತುಪ್ಪದ ಹಾಗೆ ಗಟ್ಟಿ ಎಣ್ಣೆ ಬರುತ್ತದೆ, ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಆದರೆ ಒಂದು ಕಿಲೋ ಹಣ್ಣಿನ ಬೀಜದಿಂದ ಅದನ್ನು ತೆಗೆಯಲು ಹೋಗಬೇಡಿ. ಕಷ್ಟ ಬೆಟ್ಟದಷ್ಟು, ಸಿಗುವುದು ಚಮಚದಷ್ಟು.

ತಾಜಾ ಹಣ್ಣು ಸಿಗಲೇ ಇಲ್ಲವಾ? ಒಣ ಸಿಪ್ಪೆಯಿಂದ ಮಾಡಬಹುದು, ಆದರೆ ಅದನ್ನು ಸಿರಪ್ ಮಾಡಿಡುವ ಆಸೆ ಬಿಡಿ. ಹತ್ತು ಹನ್ನೆರಡು ಸಿಪ್ಪೆ ತೊಳೆದು ಎರಡು ಲೋಟ ನೀರಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ, ಬೆಲ್ಲವೋ ಸಕ್ಕರೆಯೋ ಹಾಕಿ ಆವತ್ತೇ ಕುಡಿಯುವುದು. ಕೊಳ್ಳುವ ಮೊದಲು ಒಂದು ಸಿಪ್ಪೆ ನಾಲಿಗೆಗೆ ಮುಟ್ಟಿಸಿ ನೋಡಿ. ಆಮ್ಸೂಲಿಗೆ ಉಪ್ಪು ಹಾಕಿ ಒಣಗಿಸಿರುವುದೇ ಹೆಚ್ಚು. ಉಪ್ಪಿಲ್ಲದ್ದು ಬೇಕು ಅಂತ ಕೇಳಿ, ಇಲ್ಲದಿದ್ದರೆ ಶರಬತ್ತು ಹೋಗಿ ಸಾರು ಆಗುತ್ತದೆ.

ಪನ್ಹೆ: ಕುಕ್ಕರ್ ಇದ್ದರೆ ಸಾಕು

ಪನ್ಹೆಯ ಗುಣ ಅಂದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಬಿಸಿಲು ಬೇಡ, ಪಾರಿವಾಳ ಓಡಿಸುವುದು ಬೇಡ. ಮಾವಿನಕಾಯಿಯೂ ಎಲ್ಲ ಕಡೆ ಸಿಗುತ್ತದೆ. ಮಾರುಕಟ್ಟೆಯಲ್ಲಿ ಎರಡು ಮೂರು ಬಗೆ ಇರುತ್ತದೆ. ಕೊಕ್ಕೆ ಮೂತಿಯ ತೋತಾಪುರಿಗೆ ಹುಳಿ ಕಡಿಮೆ, ಉಪ್ಪು ಖಾರ ಹಚ್ಚಿ ತಿನ್ನಲು ಚೆನ್ನ, ಪನ್ಹೆಗೆ ಸಪ್ಪೆ. ಗಾವಠಿ ಅನ್ನುವ ನಾಟಿ ಕಾಯಿ ಹುಳಿ ಜಾಸ್ತಿ, ಅದೇ ಬೇಕು. ನಾರು ಇದ್ದರೂ ಪರವಾಗಿಲ್ಲ, ಜರಡಿಯಲ್ಲಿ ಸೋಸಿದರೆ ಹೋಗುತ್ತದೆ.

ತೊಟ್ಟಿನ ಹತ್ತಿರದ ಸೊನೆ ತುಟಿ ಸುಡುತ್ತದೆ. ತೊಟ್ಟು ಕತ್ತರಿಸಿ ಅರ್ಧ ಗಂಟೆ ನೀರಲ್ಲಿ ಹಾಕಿಡಿ. ಆಮೇಲೆ ಸಿಪ್ಪೆ ಸಮೇತ ಇಡೀ ಕಾಯಿ ಕುಕ್ಕರಿನಲ್ಲಿ ಎರಡು ಮೂರು ಸೀಟಿ ಕೂಗಿಸಿ. ಆರಿದ ಮೇಲೆ ಸಿಪ್ಪೆ ಸುಲಿದು ತಿರುಳು ಹಿಂಡಿ. ಒಂದು ಬಟ್ಟಲು ತಿರುಳಿಗೆ ಒಂದರಿಂದ ಒಂದೂವರೆ ಬಟ್ಟಲು ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು. ಕೇಸರಿ ಇದ್ದರೆ ನಾಲ್ಕು ಎಳೆ.

ಬೆಲ್ಲವಾ ಸಕ್ಕರೆಯಾ? ರುಚಿಗೆ ಬೆಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಲ್ಲದಲ್ಲಿ ತೇವ ಇರುತ್ತದೆ, ಕಸವೂ ಇರುತ್ತದೆ. ಕರಗಿಸಿ ಸೋಸಿಯೇ ಹಾಕಬೇಕು, ಬೇಗ ಖಾಲಿ ಮಾಡಬೇಕು. ಬಣ್ಣ ಕಂದಾಗುತ್ತದೆ, ಇದ್ದರೆ ಇರಲಿ. ಸಕ್ಕರೆಯದು ಹಸಿರು ಹಳದಿಯಾಗಿ ಉಳಿದು ನೋಡಲು ಚೆಂದ, ಸ್ವಲ್ಪ ಹೆಚ್ಚು ದಿನ ಬರುತ್ತದೆ. ಮನೆಮಟ್ಟಿಗೆ ಬೆಲ್ಲ, ಅರಿಶಿನ ಕುಂಕುಮಕ್ಕೆ ಹತ್ತು ಜನ ಬರುತ್ತಾರೆ ಅಂದರೆ ಸಕ್ಕರೆ.

ಕುಕ್ಕರ್ ಬದಲು ಕಾಯಿಯನ್ನು ಗ್ಯಾಸಿನ ಉರಿಯ ಮೇಲೆ ಬದನೆಕಾಯಿ ಸುಟ್ಟಂತೆ ಸುಡುವುದು ಉತ್ತರದವರ ರೀತಿ. ಪುದೀನ, ಕಪ್ಪುಪ್ಪು, ಹುರಿದ ಜೀರಿಗೆ ಅದಕ್ಕೆ ಹೊಂದುತ್ತದೆ. ಹೊಗೆ ವಾಸನೆ ಇಷ್ಟ ಇದ್ದವರಿಗೆ ಇದರ ಮುಂದೆ ಬೇರೆ ಇಲ್ಲ. ನನಗೆ ಏಲಕ್ಕಿಯದೇ ಇಷ್ಟ. ಪುದೀನ ಹಾಕುವುದಾದರೆ ಲೋಟಕ್ಕೆ ಹಾಕಿ, ಬಾಟಲಿಗಲ್ಲ. ಹಸಿ ಎಲೆ ಬಿದ್ದ ಬಾಟಲಿ ಬೇಗ ಕೆಡುತ್ತದೆ.

ಪನ್ಹೆಯ ತೊಂದರೆ ಇರುವುದು ಬಾಳಿಕೆಯಲ್ಲಿ. ಒಂದಕ್ಕೆ ಒಂದು ಸಕ್ಕರೆ ಹಾಕಿದ ತಿರುಳಿನಲ್ಲಿ ಸಕ್ಕರೆ ಅರ್ಧದಷ್ಟು ಮಾತ್ರ, ಮೇಲೆ ಹೇಳಿದ 65 ಎಲ್ಲಿ, ಇದು ಎಲ್ಲಿ. ಹೊರಗೆ ಇಟ್ಟರೆ ಮುಂಬೈಯ ಸೆಕೆಗೆ ಎರಡೇ ದಿನದಲ್ಲಿ ಗುಳ್ಳೆ ಏಳಬಹುದು. ಫ್ರಿಜ್ಜಿನಲ್ಲಿ ಎರಡು ವಾರ ಅಂತ ಇಟ್ಟುಕೊಳ್ಳಿ. ಹೆಚ್ಚು ದಿನ ಬೇಕಿದ್ದರೆ ತಿರುಳಿನ ಎರಡರಷ್ಟು ಸಕ್ಕರೆ ಹಾಕಿ ಕುದಿಸಿ ಗಟ್ಟಿ ಮಾಡಬೇಕು. ಆಗ ಅದು ತಿಂಗಳುಗಟ್ಟಲೆ ಇರುತ್ತದೆ, ಆದರೆ ಕಾಯಿಯ ಹುಳಿ ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಇದರ ಬದಲು ಬರೀ ತಿರುಳನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿಡಿ. ಬೇಕಾದಾಗ ಎರಡು ತುಂಡು, ಬೆಲ್ಲ, ನೀರು. ಪನ್ಹೆಗೆ ನನಗೆ ಒಪ್ಪುವ ದಾರಿ ಇದೇ. ಫ್ರೀಜರಿನಲ್ಲಿ ಒಂದು ಟ್ರೇ ಜಾಗ ಎಲ್ಲರ ಮನೆಯಲ್ಲೂ ಸಿಗುತ್ತದೆ ಅಲ್ವಾ?

ಸಕ್ಕರೆಯ ಲೆಕ್ಕ

ಮನೆಯಲ್ಲಿ ಮಾಡಿದ್ದು, ಗಿಡದಿಂದ ಬಂದದ್ದು, ಆದ್ದರಿಂದ ಎಷ್ಟು ಕುಡಿದರೂ ಒಳ್ಳೆಯದು ಅನ್ನುವ ಮಾತು ಬೇಸಿಗೆಯಲ್ಲಿ ತುಂಬಾ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ. ಗಟ್ಟಿ ಕೋಕಂ ಸಿರಪ್ 40 ಮಿಲಿಲೀಟರಿನಲ್ಲಿ ಸಕ್ಕರೆ 35 ಗ್ರಾಂ ಹತ್ತಿರ ಇರುತ್ತದೆ. ಅಂದರೆ ಏಳು ಟೀ ಚಮಚ. ಒಂದು ಲೋಟಕ್ಕೆ! ಬಾಟಲಿಯ ಸೋಡಾ ಪಾನೀಯಕ್ಕೂ ಇದಕ್ಕೂ ಸಕ್ಕರೆಯ ಮಟ್ಟಿಗೆ ಹೆಚ್ಚು ದೂರ ಇಲ್ಲ. ಬಣ್ಣ, ಕೃತಕ ವಾಸನೆ ಇಲ್ಲ ಅನ್ನುವುದು ನಿಜ, ಅಷ್ಟಕ್ಕೇ ನಿಲ್ಲಿಸೋಣ.

ಮನೆಯಲ್ಲಿ ಶುಗರ್ ಇರುವವರಿದ್ದರೆ ಆಯ್ಕೆ ಸುಲಭ. ಅವರಿಗೆ ಉಪ್ಪು ಹಾಕಿದ ಒಣ ಸಿಪ್ಪೆಯ ನೀರು, ಜೀರಿಗೆ, ಒಂದು ಒಗ್ಗರಣೆ. ಇಲ್ಲವೇ ಲಾವಂಚದ ನೀರು. ಬೆಲ್ಲ ಹಾಕಿದ್ದೇನೆ, ಸಕ್ಕರೆ ಅಲ್ಲ ಅಂತ ಪನ್ಹೆ ಕೊಡಬೇಡಿ. ರಕ್ತದ ಶುಗರ್ ಏರಿಸುವುದರಲ್ಲಿ ಎರಡೂ ಒಂದೇ. ಇನ್ನು ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಉಪ್ಪಿನ ಆಮ್ಸೂಲ್, ಆಗಳ್ ಎರಡರಿಂದಲೂ ದೂರ ಇರಲಿ.

ಲಾವಂಚ: ಏನೂ ಮಾಡದೆ ಮಾಡುವುದು

ಗ್ರಂಧಿಗೆ ಅಂಗಡಿಯಲ್ಲಿ ಇದನ್ನು ವಾಳಾ ಅಂತ ಕೇಳಬೇಕು, ಖಸ್ ಅಂದರೂ ಕೊಡುತ್ತಾರೆ. ಮಾಟುಂಗದ ದಕ್ಷಿಣದವರ ಅಂಗಡಿಗಳಲ್ಲಿ ಲಾವಂಚ ಅಂದರೂ ತಿಳಿಯುವ ಸಾಧ್ಯತೆ ಇದೆ. ಹಗುರ ಬೇರು, ಸ್ವಲ್ಪ ತಂದರೂ ದೊಡ್ಡ ಕಟ್ಟು. ಮೂಸಿ ನೋಡಿ ಕೊಳ್ಳಿ. ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಬರೀ ಒಣ ಹುಲ್ಲಿನ ವಾಸನೆ ಇದ್ದರೆ ಬಿಟ್ಟುಬಿಡಿ, ಅದು ಹಳೇದು.

ಬೇರಿನಲ್ಲಿ ಮಣ್ಣು ಕೂತಿರುತ್ತದೆ. ನೀರು ತಿಳಿಯಾಗುವವರೆಗೆ ತೊಳೆಯಿರಿ, ಇಲ್ಲಿ ಸೋಮಾರಿತನ ಬೇಡ. ಆಮೇಲೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕುಡಿಯುವ ನೀರಿಗೆ ಹಾಕುವುದು. ರಾತ್ರಿ ಹಾಕಿದರೆ ಬೆಳಿಗ್ಗೆಗೆ ಘಮ ಹಿಡಿದಿರುತ್ತದೆ. ಮೂರು ದಿನಕ್ಕೊಮ್ಮೆ ಗಂಟು ತೆಗೆದು ಬೇರು ಒಣಗಿಸಿ ಮತ್ತೆ ಬಳಸಬಹುದು, ವಾಸನೆ ಹೋಗುವವರೆಗೆ. ಸಕ್ಕರೆ ಇಲ್ಲ, ಒಲೆ ಇಲ್ಲ. ಖರ್ಚೂ ಎಲ್ಲಕ್ಕಿಂತ ಕಡಿಮೆ.

ಮಡಕೆಯಲ್ಲಿ ಹಾಕಿದರೆ ಇನ್ನೂ ರುಚಿ ಅನ್ನುತ್ತಾರೆ. ರುಚಿಗೆ ಹೌದು. ಆದರೆ ತಂಪಿಗೆ ಮುಂಬೈಯ ಮಡಕೆಯನ್ನು ಹೆಚ್ಚು ನಂಬಬೇಡಿ. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಇಲ್ಲಿ ಗಾಳಿಯಲ್ಲೇ ಇಷ್ಟು ತೇವ ಇರುವಾಗ ಆವಿ ಹೋಗುವುದೆಲ್ಲಿಗೆ? ಪುಣೆಯಲ್ಲಿ ಏಪ್ರಿಲ್ ಬಿಸಿಲು ಜಾಸ್ತಿ, ಗಾಳಿ ಒಣ. ಅಲ್ಲಿ ಮಡಕೆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಪುಣೆಯ ಕನ್ನಡಿಗರಿಗೆ ನನ್ನ ಸಲಹೆ ಸರಳ: ಮಡಕೆ, ಲಾವಂಚ, ಬೇರೆ ಯೋಚನೆ ಬೇಡ. ಒಣ ಗಾಳಿಯಲ್ಲಿ ಕೋಕಂ ಭರಣಿ ಇಡುವುದೂ ಅವರಿಗೆ ಸುಲಭ, ಆ ಅದೃಷ್ಟಕ್ಕೆ ಹೊಟ್ಟೆಕಿಚ್ಚು ಪಡುವುದು ಬಿಟ್ಟು ನಮಗೆ ದಾರಿ ಇಲ್ಲ. ಮುಂಬೈಯವರು ಫ್ರಿಜ್ಜಿನಲ್ಲಿ ಒಂದು ಜಗ್ಗಿಗೆ ಜಾಗ ಇದ್ದರೆ ಲಾವಂಚದ ಗಂಟನ್ನು ಸ್ಟೀಲ್ ಜಗ್ಗಿಗೆ ಹಾಕಿ ಅಲ್ಲಿ ಇಡುವುದು ಲೇಸು.

ಸಿರಪ್ ಮಾಡುವುದಾದರೆ 50 ಗ್ರಾಂ ಬೇರಿಗೆ ಒಂದು ಲೀಟರ್ ಬಿಸಿ ನೀರು ಸುರಿದು, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಸಿ ಒಂದೂವರೆ ಕಿಲೋ ಸಕ್ಕರೆ ಹಾಕಿ ಎಳೆಪಾಕದ ಹತ್ತಿರ ಬರುವವರೆಗೆ ಕುದಿಸಿ, ಕೊನೆಗೆ ಒಂದು ನಿಂಬೆಹಣ್ಣಿನ ರಸ. ಕುದಿಸಿದರೆ ವಾಸನೆ ಹೋಗುವುದಿಲ್ಲವಾ ಅನ್ನಬಹುದು. ಲಾವಂಚದ ಎಣ್ಣೆ ಬೇಗ ಹಾರಿಹೋಗುವಂಥದ್ದಲ್ಲ, ಅತ್ತರು ಮಾಡುವವರು ಅದನ್ನು ಇಷ್ಟಪಡುವುದೇ ಅದಕ್ಕೆ. ಸ್ವಲ್ಪ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ.

ಈ ಸಿರಪ್ಪಿನ ಬಣ್ಣ ತೆಳು ಚಹಾದ ಬಣ್ಣ. ಅಂಗಡಿಯ ಖಸ್ ಬಾಟಲಿಯ ಗಿಳಿ ಹಸಿರು ಬೇರಿನಿಂದ ಬಂದದ್ದಲ್ಲ, ಹಾಕಿದ ಬಣ್ಣ. ಹಸಿರು ನೋಡಿ ಅಭ್ಯಾಸ ಆದ ಮಕ್ಕಳು ಇದನ್ನು ಖಸ್ ಅಂತ ಒಪ್ಪುವುದು ಕಷ್ಟ. ವಾಸನೆ ಸೋತ ಬೇರನ್ನು ಒಣಗಿಸಿ ರೇಷ್ಮೆ ಸೀರೆ ಇಟ್ಟ ಕಪಾಟಿಗೆ ಹಾಕಿ, ಮಳೆಗಾಲದ ಮುಗ್ಗಲು ವಾಸನೆಗೆ ಸ್ವಲ್ಪ ತಡೆ.

ದಾಸವಾಳ ಮತ್ತು ಸೊಗದೆ ಬೇರು

ದಾಸವಾಳದ ಶರಬತ್ತಿಗೆ ರುಚಿ ಅಂತ ಹೇಳಿಕೊಳ್ಳುವಂಥದ್ದು ಏನಿಲ್ಲ. ರುಚಿಯೆಲ್ಲ ನಿಂಬೆ ಮತ್ತು ಸಕ್ಕರೆಯದು. ಅದನ್ನು ಮಾಡುವುದು ಬಣ್ಣ ಬದಲಾಗುವ ಆಟಕ್ಕೆ. ಐದು ಎಸಳಿನ ಕೆಂಪು ದಾಸವಾಳ ಎಂಟು ಹತ್ತು ತನ್ನಿ. ನಡುವಿನ ಕಡ್ಡಿ, ಹಸಿರು ತೊಟ್ಟು ತೆಗೆದು ಎಸಳನ್ನು ಎರಡು ಲೋಟ ಬಿಸಿ ನೀರಿಗೆ ಹಾಕಿ ಹದಿನೈದು ನಿಮಿಷ ಬಿಡಿ. ಕಿವುಚಬೇಡಿ, ಲೋಳೆ ಬರುತ್ತದೆ. ನೀರು ಮಂಕು ನೇರಳೆ ಆಗಿರುತ್ತದೆ. ಮಕ್ಕಳ ಕೈಯಲ್ಲಿ ನಿಂಬೆ ಹಿಂಡಿಸಿ, ಕಣ್ಣೆದುರೇ ಝಗ್ ಅಂತ ಕೆಂಪಾಗುತ್ತದೆ. ಹೂವಿನ ಬಣ್ಣ ಹುಳಿಗೆ ಹೀಗೆ ತಿರುಗುತ್ತದೆ. ಶಂಖಪುಷ್ಪದ ನೀಲಿ ಹೂವಿನಿಂದಲೂ ಇದೇ ಆಟ ಆಡಬಹುದು, ಅಲ್ಲಿ ನೀಲಿ ಹೋಗಿ ನೇರಳೆ ಬರುತ್ತದೆ. ಹೂವು ಮಾತ್ರ ನಿಮ್ಮ ಕುಂಡದ್ದು ಅಥವಾ ಕಾಂಪೌಂಡಿನ ಒಳಗಿನದೇ ಇರಲಿ. ಪೂಜೆಗೆ ಮಾರುವ ಹೂವಿಗೆ ಏನು ಔಷಧಿ ಹೊಡೆದಿರುತ್ತಾರೋ ಯಾರು ಬಲ್ಲರು. ಎರಡು ದಿನದಲ್ಲಿ ಕುಡಿದು ಮುಗಿಸಿ. ಬಸುರಿಯರು ವೈದ್ಯರನ್ನು ಕೇಳದೆ ಕುಡಿಯದಿರುವುದು ಒಳ್ಳೆಯದು.

ಸೊಗದೆ ಬೇರು ಇಲ್ಲಿ ಅನಂತಮೂಳ ಅನ್ನುವ ಹೆಸರಲ್ಲಿ ಸಿಗುತ್ತದೆ. ಮನೆಯಲ್ಲಿ ಬೇಡ ಅನ್ನಲು ಕಾರಣ ಇದೆ. ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರಿಗೂ ಇದಕ್ಕೂ ವಾಸನೆ ಹೆಚ್ಚುಕಡಿಮೆ ಒಂದೇ, ಒಣಗಿದ ಚೂರು ನೋಡಿ ಯಾವುದು ಯಾವುದು ಅಂತ ನಮ್ಮಂಥವರಿಗೆ ಹೇಳಲು ಬಾರದು. ಬೇರು ಬೇರೆ ಗಿಡದ್ದಾದರೆ ಕೇಳುವುದೇ ಬೇಡ. ಊರಿನಲ್ಲಿ ಗಿಡ ಗುರುತಿಸಿ ಕೀಳುವವರು ಮಾಡಿಕೊಟ್ಟರೆ ತನ್ನಿ, ಇಲ್ಲದಿದ್ದರೆ ನಂಬಿಕೆಯ ಅಂಗಡಿಯ ಬಾಟಲಿ.

ಊರಿಗೆ ಒಯ್ಯುವುದಾದರೆ

ಮೇ ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಟವರು ಏನಾದರೂ ಕೈಯಲ್ಲಿ ಹಿಡಿದು ಹೋಗಬೇಕಲ್ಲ. ಉಡುಪಿ, ಮಂಗಳೂರಿಗೆ ಕೋಕಂ ಒಯ್ಯಬೇಡಿ, ಅವರೇ ಬರುವಾಗ ನಿಮಗೆ ಎರಡು ಬಾಟಲಿ ಕಟ್ಟಿಕೊಡುತ್ತಾರೆ. ಧಾರವಾಡ, ಬೆಳಗಾವಿ ಒಳನಾಡಿನ ನೆಂಟರಿಗೆ ಕೋಕಂ ಸರಿ. ಕರಾವಳಿಗೆ ಎರಡರಷ್ಟು ಸಕ್ಕರೆ ಹಾಕಿ ಕುದಿಸಿದ ಪನ್ಹೆ ಒಯ್ಯಿರಿ, ಬೆಲ್ಲದ್ದು ರಾತ್ರಿ ಪ್ರಯಾಣದ ಸೆಕೆ ತಾಳುವುದಿಲ್ಲ.

ಗಾಜಿನ ಬಾಟಲಿ ಬಿಸಿ ನೀರಲ್ಲಿ ಕುದಿಸಿ, ಪೂರ್ತಿ ಒಣಗಿಸಿ ತುಂಬಿ. ಮೇಲೆ ಎರಡು ಬೆರಳು ಜಾಗ ಬಿಡಿ. ಹೊರಡುವ ಹಿಂದಿನ ದಿನ ಒಮ್ಮೆ ಮುಚ್ಚಳ ತೆಗೆದು ನೋಡಿ. ಸಣ್ಣ ಗುಳ್ಳೆ, ಹೆಂಡದ ವಾಸನೆ, ತೆಗೆಯುವಾಗ ಟುಸ್ ಅನ್ನುವ ಸದ್ದು, ಈ ಮೂರರಲ್ಲಿ ಒಂದು ಕಂಡರೂ ಆ ಬಾಟಲಿ ಚೀಲಕ್ಕೆ ಹಾಕಬೇಡಿ, ದಾರಿಯಲ್ಲಿ ಮುಚ್ಚಳ ಹಾರಿಸುತ್ತದೆ. ಚೆನ್ನಾಗಿದ್ದರೆ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ದಾರ ಸುತ್ತಿ, ಹಳೇ ಟವೆಲಿನಲ್ಲಿ ಮಡಚಿ, ಬರ್ತಿನ ಕೆಳಗೆ ನೆಟ್ಟಗೆ ನಿಲ್ಲಿಸಿ. ಬಿಳಿ ಬಟ್ಟೆಗಳಿರುವ ಚೀಲದಲ್ಲಿ ಮಾತ್ರ ಬೇಡ.